ಹೀಲಿಯಾರ್ಕ್‌ನಿಂದ ಆರ್ಗಾನ್ ವೆಲ್ಡಿಂಗ್‌ಗೆ

ಪೀಣ್ಯದ ಯಾವುದಾದರೂ ಗಲ್ಲಿಯಲ್ಲಿ ನಿಂತು ‘ಟಿಗ್ ವೆಲ್ಡಿಂಗ್ ಎಲ್ಲಿ ಮಾಡ್ತಾರೆ?’ ಎಂದು ಕೇಳಿ ನೋಡಿ. ‘ಆರ್ಗಾನ್ ವೆಲ್ಡಿಂಗಾ ಸಾರ್?’ ಎಂದು ನಿಮ್ಮನ್ನೇ ತಿರುಗಿ ಕೇಳಿಯಾರು. ಟಂಗ್‌ಸ್ಟನ್ ಕಡ್ಡಿಯ ತುದಿಯ ವಿದ್ಯುತ್ ಆರ್ಕಿನಿಂದ, ಗ್ಯಾಸಿನ ಮರೆಯಲ್ಲಿ ಲೋಹ ಬೆಸೆಯುವ ಈ ಕೆಲಸಕ್ಕೆ ಗ್ಯಾಸಿನ ಹೆಸರೇ ಅಂಟಿಕೊಂಡಿದೆ. ಅಮೆರಿಕದ ಹಳೆಯ ವೆಲ್ಡರುಗಳ ಬಾಯಲ್ಲಿ ಇದೇ ಕೆಲಸ ‘ಹೀಲಿಯಾರ್ಕ್’. ಅದೂ ಗ್ಯಾಸಿನ ಹೆಸರೇ, ಆದರೆ ಗ್ಯಾಸು ಬೇರೆ. ಒಂದು ಹೆಸರು ಇನ್ನೊಂದಾದ ಕತೆಯಲ್ಲಿ ಲೋಹವಿದ್ಯೆ ಎಷ್ಟಿದೆಯೋ, ಯಾವ ಗ್ಯಾಸು ಎಲ್ಲಿ ಅಗ್ಗವಾಗಿ ಸಿಕ್ಕಿತು ಎಂಬ ವ್ಯಾಪಾರವೂ ಅಷ್ಟೇ ಇದೆ.

ಕರಗಿದ ಲೋಹಕ್ಕೆ ಗಾಳಿ ಆಗಿಬರುವುದಿಲ್ಲ. ಆಕ್ಸಿಜನ್ ಸುಡುತ್ತದೆ, ನೈಟ್ರೋಜನ್ ಬೆಸುಗೆಯೊಳಗೆ ಸೇರಿ ತೂತು ಬೀಳಿಸುತ್ತದೆ ಅಥವಾ ಬಿರುಸು ಮಾಡುತ್ತದೆ. ಗಾಳಿಯನ್ನು ದೂರವಿಟ್ಟು ಬೆಸೆಯುವ ಯೋಚನೆ ಅಮೆರಿಕದ ಸಿ.ಎಲ್. ಕಾಫಿನ್‌ಗೆ 1890ರಲ್ಲೇ ಹೊಳೆದಿತ್ತು. ಆದರೆ ಆರ್ಗಾನ್ ಎಂಬುದೊಂದಿದೆ ಎಂದು ರ‍್ಯಾಲೆ ಮತ್ತು ರ‍್ಯಾಮ್ಸೆ ಕಂಡುಕೊಂಡದ್ದೇ 1894ರಲ್ಲಿ. ಗ್ರೀಕಿನಲ್ಲಿ ಅದರ ಅರ್ಥ ಸೋಮಾರಿ. ಯಾರ ಜೊತೆಗೂ ಬೆರೆಯದ್ದಕ್ಕೆ ಬಂದ ಹೆಸರು. ಸೂರ್ಯನ ಬೆಳಕಿನಲ್ಲಿ 1868ರಲ್ಲೇ ಗುರುತು ತೋರಿದ್ದ ಹೀಲಿಯಂ ಭೂಮಿಯ ಮೇಲೆ ಕೈಗೆ ಸಿಕ್ಕಿದ್ದು 1895ರಲ್ಲಿ. 1920ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್‌ನ ಹೋಬರ್ಟ್ ಮತ್ತು ಡೆವರ್ಸ್ ಇವೆರಡನ್ನೂ ಆರ್ಕಿನ ಸುತ್ತ ಹಾಯಿಸಿ ನೋಡಿದರು. ಅದೇ ಕಾಲದಲ್ಲಿ ಲ್ಯಾಂಗ್ಮ್ಯೂರ್ ಎರಡು ಟಂಗ್‌ಸ್ಟನ್ ಕಡ್ಡಿಗಳ ನಡುವೆ ಹೈಡ್ರೋಜನ್ ಬಿಟ್ಟು ಬೆಸೆದು ತೋರಿಸಿದರು. ಆದರೆ ಹೀಲಿಯಂ, ಆರ್ಗಾನ್ ಎರಡೂ ಆಗ ದುಬಾರಿ. ಬರೀ ಕಬ್ಬಿಣ ಬೆಸೆಯಲು ಅಷ್ಟು ಖರ್ಚು ಯಾರಿಗೆ ಬೇಕಿತ್ತು?

ಬೇಕಾದದ್ದು ಯುದ್ಧಕ್ಕೆ. ಕ್ಯಾಲಿಫೋರ್ನಿಯಾದ ನಾರ್ತ್ರಪ್ ಕಂಪನಿ ಮೆಗ್ನೀಸಿಯಂ ವಿಮಾನ ಕಟ್ಟಲು ಹೊರಟಿತ್ತು. ಕಾಯಿಸಿದರೆ ಹೊತ್ತಿಕೊಳ್ಳುವ ಲೋಹ ಅದು. ಸಾಮಾನ್ಯ ಆರ್ಕಿನಲ್ಲಿ ಅದನ್ನು ಬೆಸೆಯುವ ಮಾತೇ ಇರಲಿಲ್ಲ. ಅಲ್ಲಿನ ರಸೆಲ್ ಮೆರೆಡಿತ್ 1941ರಲ್ಲಿ ಟಂಗ್‌ಸ್ಟನ್ ಕಡ್ಡಿಯ ಸುತ್ತ ಹೀಲಿಯಂ ಹರಿಯುವ ಟಾರ್ಚಿಗೆ ಪೇಟೆಂಟ್ ಕೋರಿದರು. ಹೀಲಿಯಮ್ಮೇ ಏಕೆ ಎಂದರೆ, ಅಮೆರಿಕದ ನೈಸರ್ಗಿಕ ಅನಿಲದ ಬಾವಿಗಳಲ್ಲೇ ಅದು ಸಿಗುತ್ತಿತ್ತು. ಲಿಂಡೆ ಕಂಪನಿ ಹಕ್ಕು ಪಡೆದು ಬೆಳೆಸಿದ ಮೇಲೆ ಹೀಲಿಯಾರ್ಕ್ ಹೆಸರು ಮನೆಮಾತಾಯಿತು. ಮೊದಮೊದಲು ಕಡ್ಡಿಗೆ ಪಾಸಿಟಿವ್ ಕೊಟ್ಟಾಗ ಟಂಗ್‌ಸ್ಟನ್ನೇ ಕರಗಿ ಬೆಸುಗೆಗೆ ಬೀಳುತ್ತಿತ್ತು. ನೆಗೆಟಿವ್ ಕೊಟ್ಟರೆ ಅದು ನಿಂತಿತು, ಆದರೆ ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪದರ ಹೋಗದು. ಕೊನೆಗೆ ಎಸಿ ಕರೆಂಟು ಎರಡೂ ಕಡೆಯ ಜಗಳ ಬಿಡಿಸಿತು.

ಆರ್ಗಾನ್ ಮುಂದೆ ಬಂದದ್ದು ಉಕ್ಕಿನ ಹಿಂದೆ. 1950ರ ದಶಕದಿಂದ ಉಕ್ಕಿನ ಕಾರ್ಖಾನೆಗಳಿಗೆ ಟನ್ನುಗಟ್ಟಲೆ ಆಕ್ಸಿಜನ್ ಬೇಕಾಯಿತು. ಗಾಳಿಯನ್ನು ತಣಿಸಿ ದ್ರವ ಮಾಡಿ ಆಕ್ಸಿಜನ್ ತೆಗೆಯುವಾಗ, ಗಾಳಿಯಲ್ಲಿ ನೂರಕ್ಕೆ 0.93ರಷ್ಟಿರುವ ಆರ್ಗಾನ್ ಜೊತೆಯಲ್ಲೇ ಸಿಗುತ್ತದೆ. ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗಳ ಪಕ್ಕದ ಆಕ್ಸಿಜನ್ ಘಟಕಗಳಲ್ಲೂ ಇದೇ ಲೆಕ್ಕ. ಹೀಲಿಯಂ ಆದರೋ ನಮಗೆ ಹೊರದೇಶದಿಂದಲೇ ಬರಬೇಕು. ಹೀಗಾಗಿ ನಮ್ಮ ಶೆಡ್ಡುಗಳ ಮೂಲೆಯಲ್ಲಿ ನೀಲಿ ಸಿಲಿಂಡರ್ ನಿಂತಿತು.

ಅಗ್ಗ ಎಂಬುದೊಂದೇ ಗುಣವೂ ಅಲ್ಲ. ಆರ್ಗಾನ್ ಅಯಾನಾಗಲು 15.76 ಎಲೆಕ್ಟ್ರಾನ್ ವೋಲ್ಟ್ ಸಾಕು, ಹೀಲಿಯಂಗೆ 24.59 ಬೇಕು. ಅದಕ್ಕೇ ಆರ್ಗಾನ್‌ನಲ್ಲಿ ಆರ್ಕ್ ಬೇಗ ಹೊತ್ತಿ ಅಲುಗಾಡದೆ ನಿಲ್ಲುತ್ತದೆ. ಗಾಳಿಗಿಂತ ಭಾರವಾದ್ದರಿಂದ ಕರಗಿದ ಲೋಹದ ಮೇಲೆ ಹಾಸಿಕೊಂಡು ಕೂರುತ್ತದೆ. ಹೀಲಿಯಂ ಮೇಲಕ್ಕೆ ಹಾರುವ ಜಾತಿ, ಎರಡು ಮೂರು ಪಟ್ಟು ಬಿಡಬೇಕು. ಆದರೆ ಅಷ್ಟೇ ಆಂಪ್ಸಿಗೆ ಅದರ ಬಿಸಿ ಹೆಚ್ಚು. ದಪ್ಪ ಅಲ್ಯೂಮಿನಿಯಂ, ತಾಮ್ರ ಬಂದಾಗ ಆರ್ಗಾನ್ ಜೊತೆ ಹೀಲಿಯಂ ಬೆರೆಸುವುದು ಈ ಬಿಸಿಗಾಗಿಯೇ.

ಮಾಮೂಲಿ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಕೆಲಸಕ್ಕೆ ನಿಮಿಷಕ್ಕೆ 8 ಲೀಟರ್ ಆರ್ಗಾನ್ ಸಾಕು. 7 ಘನ ಮೀಟರಿನ ಸಿಲಿಂಡರ್ ಆ ಲೆಕ್ಕದಲ್ಲಿ ಹದಿನಾಲ್ಕು ಗಂಟೆಗೂ ಮೇಲೆ ಬರುತ್ತದೆ. ರಕ್ಷಣೆ ಜಾಸ್ತಿಯಾಗಲಿ ಎಂದು 20ಕ್ಕೆ ತಿರುಗಿಸಿದರೆ ಗ್ಯಾಸು ಸುಳಿಯೆದ್ದು ಸುತ್ತಲಿನ ಗಾಳಿಯನ್ನೂ ಒಳಗೆಳೆಯುತ್ತದೆ. ತಪ್ಪು ಬಣ್ಣದಲ್ಲೇ ಗೊತ್ತಾಗುತ್ತದೆ: ಬೆಳ್ಳಿ ಅಥವಾ ಹುಲ್ಲಿನ ಬಣ್ಣದ ಬೀಡ್, ಅಂದರೆ ಬೆಸುಗೆಯ ಗೆರೆ, ಸರಿ, ಬೂದಿಯಂತಾದರೆ ಗಾಳಿ ತಾಗಿದೆ. ಸೆಖೆಯಾದರೂ ಫ್ಯಾನ್ ಆರಿಸಿ ಕೂರುವ ವೆಲ್ಡರನ್ನು ಕಂಡರೆ ನನಗೆ ನಂಬಿಕೆ ಹೆಚ್ಚು.

ಒಮ್ಮೆ ನಾನು ಕೂತಿದ್ದ ಶೆಡ್ಡಿನಲ್ಲಿ ಹುಡುಗನೊಬ್ಬ ಅವಸರದಲ್ಲಿ, ತಂತಿ ಕರಗಿಸಿ ಬೆಸೆಯುವ ಮಿಗ್‌ನ ಮಿಕ್ಸ್ ಸಿಲಿಂಡರಿಗೆ ಟಿಗ್ ಪೈಪು ಸಿಕ್ಕಿಸಿದ. ಆರ್ಕ್ ಚಟಪಟ ಎಂದಿತು. ಚೂಪಾಗಿ ಮಸೆದ ಟಂಗ್‌ಸ್ಟನ್ ನೋಡನೋಡುತ್ತ ಮೊಂಡಾಗಿ ತುದಿಯಲ್ಲಿ ಹಳದಿ ಪುಡಿ ಕಟ್ಟಿತು. ‘ಅದ್ರಲ್ಲಿ ಸಿಓಟು ಐತೆ ಕಣೋ, ಇದಕ್ಕೆ ಪ್ಯೂರೇ ಬೇಕು’ ಎಂದು ಮೇಸ್ತ್ರಿ ಬೈದ. ಅಲ್ಲಿಗೆ ಪಾಠ ಮುಗಿಯಿತು.

ಪ್ಯೂರ್ ಎಂದರೆ ಸಾಮಾನ್ಯವಾಗಿ 99.99ಕ್ಕೂ ಮೇಲೆ. ಟೈಟಾನಿಯಂಗೆ ಅದೂ ಸಾಲದು, ಬೆಸುಗೆ ತಣಿಯುವವರೆಗೂ ಹಿಂದೆ ಹಿಂದೆಯೇ ಆರ್ಗಾನ್ ಹೊದಿಸಿಕೊಂಡು ಹೋಗಬೇಕು. ಹಾಲಿನ ಡೈರಿಯ ಎಸ್‌ಎಸ್ ಪೈಪಿಗೆ ಒಳಗಡೆಯಿಂದಲೂ ಆರ್ಗಾನ್ ತುಂಬಬೇಕು. ಈ ಪರ್ಜಿಂಗ್ ತಪ್ಪಿಸಿದರೆ ಒಳಮೈ ಸೀದ ಬೆಲ್ಲದಂತೆ ಗರಟುಗಟ್ಟಿ, ಅದರ ಸಂದಿಯಲ್ಲಿ ಹಾಲಿನ ಅಂಶ ಉಳಿಯುತ್ತದೆ. ಹೊರಗಿನ ಬೀಡ್ ಮಾತ್ರ ಥಳಥಳ ಹೊಳೆಯುತ್ತಿರುತ್ತದೆ!

ಲ್ಯಾಂಗ್ಮ್ಯೂರ್ ಕಾಲದ ಹೈಡ್ರೋಜನ್ ಈಗ ಆರ್ಗಾನ್ ಜೊತೆ ನೂರಕ್ಕೆ 2ರಿಂದ 5ರಷ್ಟು ಬೆರೆತು ಮರಳಿ ಬಂದಿದೆ, ಅದೂ ಹೆಚ್ಚಾಗಿ 304, 316ರಂಥ ಎಸ್‌ಎಸ್‌ಗೆ. ಗಟ್ಟಿಯಾಗುವ ಉಕ್ಕಿಗೆ ಕೊಟ್ಟರೆ ಬಿರುಕು, ಅಲ್ಯೂಮಿನಿಯಂಗೆ ಕೊಟ್ಟರೆ ತೂತು. ಡೂಪ್ಲೆಕ್ಸ್ ಎಸ್‌ಎಸ್‌ನಲ್ಲಿ ಇನ್ನೊಂದು ತಿರುವು. ಆ ಲೋಹದ ಗಟ್ಟಿತನದಲ್ಲಿ ನೈಟ್ರೋಜನ್‌ಗೂ ಪಾಲಿದೆ. ಬೆಸೆಯುವಾಗ ಅದು ಹಾರಿಹೋಗುತ್ತದೆ. ಹೋದದ್ದನ್ನು ತುಂಬಲು ಆರ್ಗಾನ್‌ಗೆ ನೂರಕ್ಕೆ 2ರಷ್ಟು ನೈಟ್ರೋಜನ್ನನ್ನು, ಅಂದರೆ ಇಷ್ಟು ವರ್ಷ ಬಾಗಿಲಲ್ಲೇ ತಡೆದಿದ್ದವನನ್ನು, ಅಳೆದು ಸೇರಿಸುತ್ತಾರೆ.