ಕೂಡುವ ಕಳೆಯುವ ಲೆಕ್ಕದ ಪೂರ್ವಚರಿತ್ರೆ

ತಾಂಡೂರಿನಿಂದ ವಾಡಿಯ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ಸೇಡಂ ದಾಟಿದ ಮೇಲೆ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೇ ಇದು. ‘ಕವಿರಾಜಮಾರ್ಗ’ದ ಸಂಬಂಧದಿಂದ ಈ ಊರನ್ನು ನಾವೆಲ್ಲರೂ ಗೌರವದಿಂದ ನೆನೆಯುತ್ತೇವೆ. ಗಣಿತಶಾಸ್ತ್ರದ ಚರಿತ್ರೆಯಲ್ಲಿಯೂ ಇದಕ್ಕೆ ಸ್ಥಾನವುಂಟೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ೯ನೆಯ ಶತಮಾನದಲ್ಲಿ ಇಲ್ಲಿಂದ ರಾಜ್ಯವಾಳಿದ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ, ಮಹಾವೀರಾಚಾರ್ಯನೆಂಬ ಜೈನ ವಿದ್ವಾಂಸನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ೧೯೧೨ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು.

ಎಳೆಯ ಮಕ್ಕಳಿಗೆ ಲೆಕ್ಕ ಕಲಿಸುವ ನಾವು ಈ ಗ್ರಂಥದಲ್ಲಿ ಮುಖ್ಯವಾಗಿ ಗಮನಿಸತಕ್ಕ ಸಂಗತಿಯೊಂದಿದೆ. ೧೨ನೆಯ ಶತಮಾನದ ಭಾಸ್ಕರಾಚಾರ್ಯನು ತನ್ನ ‘ಲೀಲಾವತಿ’ಯಲ್ಲಿ ಸಂಕಲನ ವ್ಯವಕಲನಗಳನ್ನು ಹೇಳಿ ಅನಂತರ ಗುಣಾಕಾರಕ್ಕೆ ಹೋಗುತ್ತಾನೆ. ಮಹಾವೀರನಾದರೋ ತನ್ನ ಎಂಟು ಪರಿಕರ್ಮಗಳನ್ನು ಗುಣಾಕಾರದಿಂದಲೇ ಆರಂಭಿಸುತ್ತಾನೆ. ಆತನ ಸಂಕಲಿತ, ವ್ಯುತ್ಕಲಿತಗಳು ಶ್ರೇಢಿಗಳಿಗೆ ಸಂಬಂಧಪಟ್ಟವು. ನಮ್ಮ ಒಂದನೆಯ ತರಗತಿಯ ಕೂಡುವ, ಕಳೆಯುವ ಲೆಕ್ಕಗಳಲ್ಲ. ಅಷ್ಟು ಮಾತ್ರ ಓದುಗನಿಗೆ ಮೊದಲೇ ಬಂದಿರುತ್ತದೆಂದು ಆಚಾರ್ಯನು ಭಾವಿಸಿದ್ದಿರಬೇಕು. ಗ್ರಂಥವನ್ನು ಮುಟ್ಟುವ ಮೊದಲೇ ಅದು ಬರಬೇಕಾದರೆ ಮನೆಮಾತಿನಲ್ಲಿ, ಬೆರಳೆಣಿಕೆಯಲ್ಲಿ, ಕಾಳು ಬೀಜಗಳ ಲೆಕ್ಕದಲ್ಲಿ ಬರಬೇಕಲ್ಲದೆ ಬೇರೆ ದಾರಿಯಿಲ್ಲ.

ಶಾಸ್ತ್ರವು ಸಂಸ್ಕೃತದಿಂದ ದೇಶಭಾಷೆಗಳಿಗೂ ಇಳಿಯಿತು. ಮಹಾವೀರನ ಗ್ರಂಥವನ್ನೇ ಆಧರಿಸಿ ಪಾವುಲೂರಿ ಮಲ್ಲನನು ತೆಲುಗಿನಲ್ಲಿ ಗಣಿತವನ್ನು ಬರೆದನು. ಕನ್ನಡದಲ್ಲಿ ೧೨ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ರಚಿಸಿದನು. ಹೀಗೆ ಗಣಿತದ ಮಟ್ಟಿಗೆ ಕನ್ನಡ ತೆಲುಗುಗಳು ನೆರೆಮನೆಯವುಗಳಲ್ಲ, ಒಂದೇ ಮನೆಯವು. ಮುಂದೆ ಐಗಳ ಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಅಂಕಿ ತಿದ್ದಿ, ಮಗ್ಗಿಯನ್ನು ರಾಗವಾಗಿ ಒಪ್ಪಿಸಿ ಲೆಕ್ಕ ಕಲಿತರು. ಆ ಕಂಠಪಾಠದಲ್ಲಿ ದೋಷಗಳಿದ್ದುವು, ಬೆತ್ತದ ಭಯವೂ ಇದ್ದಿತು. ಆದರೆ ಎಣಿಕೆ ಮಗುವಿನ ಬಾಯಿಗೆ ಪರಕೀಯವಾಗಿರಲಿಲ್ಲ.

ನಮ್ಮ ಗಡಿಯ ಪರಿಸ್ಥಿತಿ ಬೇರೆ. ನಿಜಾಮರ ಕಾಲದಲ್ಲಿ ಉರ್ದುವೇ ಆಡಳಿತದ ಭಾಷೆಯಾಗಿದ್ದಿತು. ೧೯೫೬ರ ನವೆಂಬರ್ ೧ರಂದು ಆದ ರಾಜ್ಯಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯ ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ, ಗುಲ್ಬರ್ಗಾ ಜಿಲ್ಲೆಯ ತಾಂಡೂರು ಆಂಧ್ರಪ್ರದೇಶಕ್ಕೆ ಸೇರಿದುವು. ೨೦೧೪ರಿಂದ ಇವು ತೆಲಂಗಾಣದಲ್ಲಿವೆ. ಮಗು ಮನೆಯಲ್ಲಿ ಕನ್ನಡದಲ್ಲಿ ಎಣಿಸುತ್ತದೆ, ಶಾಲೆಯಲ್ಲಿ ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಲೆಕ್ಕ ಕೇಳುತ್ತದೆ, ಸಂತೆಯಲ್ಲಿ ಉರ್ದುವಿನ ದರ ಕೇಳುತ್ತದೆ.

ಇದರ ಪರಿಣಾಮವನ್ನು ಸಂಖ್ಯಾವಾಚಕಗಳಲ್ಲಿಯೇ ಕಾಣಬಹುದು. ‘ಇಪ್ಪತ್ತೊಂದು’ ಎಂದರೆ ಎರಡು ಹತ್ತು, ಮೇಲೊಂದು. ತೆಲುಗಿನ ‘ಇರವೈ ಒಕಟಿ’ಯ ರಚನೆಯೂ ಅದೇ. ನಮ್ಮ ‘ಹತ್ತೊಂಬತ್ತು’ ಹತ್ತಕ್ಕೆ ಒಂಬತ್ತನ್ನು ಕೂಡುತ್ತದೆ. ಉರ್ದುವಿನ ‘ಉನ್ನೀಸ್’ ಸಂಸ್ಕೃತದ ‘ಏಕೋನವಿಂಶತಿ’ಯಂತೆ ಇಪ್ಪತ್ತರಲ್ಲಿ ಒಂದನ್ನು ಕಳೆಯುತ್ತದೆ. ಒಂದೇ ಸಂಖ್ಯೆ ಮನೆಯಲ್ಲಿ ಕೂಡಿ ಬರುತ್ತದೆ, ಸಂತೆಯಲ್ಲಿ ಕಳೆದು ಬರುತ್ತದೆ! ಇಂಥ ಮಗು ಉತ್ತರಕ್ಕೆ ತಡವರಿಸಿದರೆ ಅದಕ್ಕೆ ಲೆಕ್ಕ ತಿಳಿಯದೆಂದು ತೀರ್ಮಾನಿಸುವುದು ಅವಸರವಾದೀತು. ಅದಕ್ಕೆ ತಿಳಿಯದಿದ್ದುದು ಪ್ರಶ್ನೆಯ ಮಾತೇ ಆಗಿರಬಹುದು.

ಆದುದರಿಂದ ಮೊದಲು ಪರೀಕ್ಷಿಸಬೇಕಾದುದು ಇದನ್ನೇ. ಮಗುವಿನ ಮುಂದೆ ಎಂಟು ಹುಣಸೆಬೀಜಗಳನ್ನಿಟ್ಟು, ಮೂರನ್ನು ತೆಗೆದು, ಉಳಿದುದೆಷ್ಟೆಂದು ಮನೆಮಾತಿನಲ್ಲಿ ಕೇಳಬೇಕು. ‘ಐದು’ ಎಂದು ಹೇಳಿದರೆ ಕೊರತೆಯಿರುವುದು ಭಾಷೆಯಲ್ಲಿ. ಹೇಳದಿದ್ದರೆ ಎಣಿಕೆಯಿಂದಲೇ ಪುನಃ ತೊಡಗಬೇಕು. ದೊಡ್ಡ ಲೆಕ್ಕಗಳಿಗೆ ಜೋಳದ ದಂಟಿನ ತುಂಡುಗಳು ಸಾಕು. ಹತ್ತು ಹತ್ತನ್ನು ಕಟ್ಟು ಕಟ್ಟಿಸಬೇಕು. ೫೨ರಲ್ಲಿ ೨೭ನ್ನು ಕಳೆಯಲು ಐದು ಕಟ್ಟು, ಎರಡು ಬಿಡಿ ತುಂಡುಗಳನ್ನು ಇಡಿಸಬೇಕು. ಎರಡರಲ್ಲಿ ಏಳು ಹೋಗದು. ಒಂದು ಕಟ್ಟನ್ನು ಮಗುವೇ ಬಿಚ್ಚಲಿ. ಈಗ ನಾಲ್ಕು ಕಟ್ಟು, ಹನ್ನೆರಡು ಬಿಡಿ ತುಂಡುಗಳಾದುವು. ಎರಡು ಕಟ್ಟು, ಏಳು ತುಂಡು ತೆಗೆದರೆ ಎರಡು ಕಟ್ಟು, ಐದು ತುಂಡು ಉಳಿಯುತ್ತವೆ, ಉತ್ತರ ೨೫. ಇದನ್ನು ಹಲವು ಸಲ ಮಾಡಿದ ಮೇಲೆಯೇ ಹಲಗೆಯ ಮೇಲೆ ಬರೆಯಿಸಬೇಕು, ಶಾಲೆಯ ಭಾಷೆಯ ಸಂಖ್ಯಾಪದಗಳನ್ನು ಅದೇ ತುಂಡುಗಳೊಡನೆ ಹೇಳಿಸಬೇಕು.

ಹಿಂದಿನವರಿಗೆ ಈ ‘ಕೈಯಲ್ಲಿ ಒಂದು’ ಇನ್ನೂ ಕಷ್ಟದ್ದಾಗಿತ್ತು. ೧೨ ಪೈಗೆ ಒಂದಾಣೆ, ೧೬ ಆಣೆಗೆ ಒಂದು ರೂಪಾಯಿ. ೧೯೫೭ರ ಏಪ್ರಿಲ್ ೧ರಂದು ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದಂದಿನಿಂದ ಹಣದ ಲೆಕ್ಕವೂ ಹತ್ತರ ದಾರಿಗೇ ಬಂದಿತು.

ಮಹಾವೀರಾಚಾರ್ಯನು ಬರೆಯದೆ ಬಿಟ್ಟ ಆ ಮೊದಲ ಅಧ್ಯಾಯವನ್ನು ಅಂದು ಮನೆ ಕಲಿಸುತ್ತಿದ್ದಿತು. ಗಡಿಯ ಮಗುವಿಗೆ ಇಂದು ಅದನ್ನು ಮನೆಮಾತಿನಿಂದ ಶಾಲೆಯ ಮಾತಿಗೆ ದಾಟಿಸಿ ಕಲಿಸಬೇಕಾಗಿದೆ. ‘ದಡ್ಡ’ನೆಂಬ ಒಂದು ಮಾತು ಎಳೆಯ ಮಗುವನ್ನು ಶಾಲೆಯಿಂದಲೇ ದೂರಮಾಡಬಲ್ಲದು. ಆ ಮಾತನ್ನಾಡುವ ಮೊದಲು ಉಪಾಧ್ಯಾಯ ಬಂಧುಗಳು ಒಂದು ಹಿಡಿ ಹುಣಸೆಬೀಜವನ್ನು ಮೇಜಿನ ಮೇಲಿಟ್ಟು ನೋಡಬೇಕೆಂದು ನನ್ನ ವಿನಂತಿ.