ವಯೋಸಂಬಂಧಿ ಮ್ಯಾಕುಲಾ ಕ್ಷೀಣತೆ: ಅಕ್ಷಿಪಟಲದ ಚಿತ್ರಣದ ಬಗ್ಗೆ ಮಾಹಿತಿ

ಅಕ್ಷಿಪಟಲದ (ರೆಟಿನಾ) ನಡುಭಾಗಕ್ಕೆ ಮ್ಯಾಕುಲಾ ಎಂದು ಹೆಸರು. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಮುಂತಾದ ಕಾರ್ಯಗಳಿಗೆ ಅಗತ್ಯವಾದ ಸೂಕ್ಷ್ಮದೃಷ್ಟಿಯು ಈ ಭಾಗದಿಂದಲೇ ದೊರೆಯುತ್ತದೆ. ಸಾಮಾನ್ಯವಾಗಿ 50 ವರ್ಷ ಮೇಲ್ಪಟ್ಟವರಲ್ಲಿ ಇದು ಕ್ಷೀಣಿಸುವುದುಂಟು. ಅಂಚಿನ ದೃಷ್ಟಿ ಉಳಿದಿರುವುದರಿಂದ ಅವರು ಮನೆಯಲ್ಲಿ ಎಂದಿನಂತೆ ನಡೆದಾಡುತ್ತಾರೆ. ಒಂದು ಕಣ್ಣಿನ ದೋಷವನ್ನು ಮತ್ತೊಂದು ಕಣ್ಣು ಮರೆಮಾಚುತ್ತದೆ. ಆದ್ದರಿಂದ ಹಲವರು ಇದನ್ನು ಕಣ್ಣಿನ ಪೊರೆಯೆಂದೇ ಭಾವಿಸಿ, ಪೊರೆ ಬಲಿಯಲೆಂದು ಕಾಯುತ್ತಾರೆ. ಪೊರೆಯಿಂದ ಮಂಜಾದ ದೃಷ್ಟಿಯು ಶಸ್ತ್ರಚಿಕಿತ್ಸೆಯಿಂದ ಸಾಮಾನ್ಯವಾಗಿ ಮರಳುತ್ತದೆ. ಮ್ಯಾಕುಲಾದಲ್ಲಿ ನಶಿಸಿದ ಜೀವಕೋಶಗಳು ಮರಳುವುದಿಲ್ಲ.

ಈ ಕಾಯಿಲೆಯಲ್ಲಿ ಎರಡು ಬಗೆಗಳಿವೆ. 'ಒಣ' ಬಗೆಯಲ್ಲಿ ಅಕ್ಷಿಪಟಲದ ಕೆಳಗೆ ಡ್ರೂಸೆನ್ ಎಂಬ ಹಳದಿ ಕಣಗಳು ಶೇಖರಗೊಂಡು, ದೃಷ್ಟಿಯು ವರ್ಷಗಳ ಅವಧಿಯಲ್ಲಿ ಕುಂದುತ್ತದೆ. 'ಒದ್ದೆ' ಬಗೆಯಲ್ಲಿ ಹೊಸ ರಕ್ತನಾಳಗಳು ಬೆಳೆದು ಸೋರುತ್ತವೆ; ಇದರಲ್ಲಿ ಕೆಲವೇ ವಾರಗಳ ವಿಳಂಬವೂ ಶಾಶ್ವತ ನಷ್ಟಕ್ಕೆ ಕಾರಣವಾಗಬಹುದು. ಅಕ್ಷರ ಫಲಕದ ಪರೀಕ್ಷೆಯಿಂದ ದೃಷ್ಟಿ ಎಷ್ಟು ಕುಂದಿದೆ ಎಂಬುದು ತಿಳಿಯುವುದೇ ವಿನಾ ಏಕೆ ಕುಂದಿದೆ ಎಂಬುದು ತಿಳಿಯದು. ಅದಕ್ಕೆ ಅಕ್ಷಿಪಟಲವನ್ನೇ ನೋಡಬೇಕಾಗುತ್ತದೆ.

ಸೋರಿಕೆಯನ್ನು ಕಾಣಲು ಮೊದಲಿಗೆ ಇದ್ದ ಮಾರ್ಗವೆಂದರೆ ರಕ್ತನಾಳಕ್ಕೆ ಫ್ಲೋರೆಸಿನ್ ಬಣ್ಣವನ್ನು ಚುಚ್ಚಿ ಛಾಯಾಚಿತ್ರ ತೆಗೆಯುವುದು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯದ ನೊವೊಟ್ನಿ ಮತ್ತು ಆಲ್ವಿಸ್ ಇದನ್ನು 1961ರಲ್ಲಿ ಪ್ರಕಟಿಸಿದರು. ಈ ವಿಧಾನವು ಇಂದಿಗೂ ಬಳಕೆಯಲ್ಲಿದೆಯಾದರೂ ಪ್ರತಿ ಭೇಟಿಯಲ್ಲೂ ಅನುಸರಿಸಲು ಸುಲಭವಲ್ಲ. 1991ರಲ್ಲಿ ಡೇವಿಡ್ ಹುವಾಂಗ್, ಜೇಮ್ಸ್ ಫ್ಯೂಜಿಮೊಟೊ ಮತ್ತು ಸಹೋದ್ಯೋಗಿಗಳು ಒಸಿಟಿ ವಿಧಾನವನ್ನು ಪ್ರಕಟಿಸಿದರು. ಅಕ್ಷಿಪಟಲದ ಪದರಗಳಿಂದ ಹಿಂದಿರುಗುವ ಬೆಳಕನ್ನು ಅಳೆದು, ಕೊಯ್ಯದೆಯೇ ಅಡ್ಡಕೊಯ್ತದ ಚಿತ್ರವನ್ನು ಈ ಯಂತ್ರವು ನೀಡುತ್ತದೆ. ಚುಚ್ಚುಮದ್ದಿಲ್ಲ, ನೋವಿಲ್ಲ, ಕೆಲವೇ ನಿಮಿಷಗಳು ಸಾಕು. ಪದರಗಳ ನಡುವೆ ನೀರು ತುಂಬಿದ್ದರೆ ಚಿತ್ರದಲ್ಲಿ ಕಪ್ಪು ಪೊಳ್ಳಿನಂತೆ ಕಾಣುತ್ತದೆ.

ಚಿಕಿತ್ಸೆಯ ವೆಚ್ಚಕ್ಕೂ ಈ ಚಿತ್ರಕ್ಕೂ ಸಂಬಂಧವಿದೆ. ಅಮೆರಿಕದಲ್ಲಿ ನಡೆದು 2011ರಲ್ಲಿ ಪ್ರಕಟವಾದ 'ಕ್ಯಾಟ್' ಅಧ್ಯಯನವು, ಕಣ್ಣಿನೊಳಗೆ ನೀಡುವ ದುಬಾರಿ ರಾನಿಬಿಜುಮಾಬ್ ಹಾಗೂ ಬಹಳ ಕಡಿಮೆ ಬೆಲೆಯ ಬೆವಾಸಿಜುಮಾಬ್ ಚುಚ್ಚುಮದ್ದುಗಳು ಒಂದೇ ಕ್ರಮದಲ್ಲಿ ನೀಡಿದಾಗ ದೃಷ್ಟಿಯ ಮೇಲೆ ಸಮಾನ ಪರಿಣಾಮ ಬೀರುತ್ತವೆಂದು ಕಂಡುಕೊಂಡಿತು. ಅದರಲ್ಲಿ ಕೆಲವರಿಗೆ ಪ್ರತಿ ತಿಂಗಳು ಪರೀಕ್ಷಿಸಿ, ಸೋರಿಕೆ ಕಂಡಾಗ ಮಾತ್ರ ಚುಚ್ಚುಮದ್ದು ನೀಡಲಾಯಿತು. ಅಂದರೆ ಚಿತ್ರವನ್ನು ಬಿಟ್ಟು ಚುಚ್ಚುಮದ್ದಿನ ಸಂಖ್ಯೆಯನ್ನು ಕಡಿತಗೊಳಿಸುವುದು ಉಳಿತಾಯವಲ್ಲ. ಔಷಧದ ಆಯ್ಕೆಯ ಬಗ್ಗೆ ವೈದ್ಯರನ್ನು ಸಂಕೋಚವಿಲ್ಲದೆ ವಿಚಾರಿಸಬಹುದು.

ನೇರವಾದ ಗೆರೆಗಳು (ಬಾಗಿಲ ಚೌಕಟ್ಟು, ಕ್ಯಾಲೆಂಡರಿನ ಮನೆಗಳು) ಡೊಂಕಾಗಿ ಕಂಡಲ್ಲಿ ಅಥವಾ ನಡುವೆ ಕಪ್ಪುಕಲೆ ಮೂಡಿದಲ್ಲಿ ತಡಮಾಡದೆ ನೇತ್ರ ತಜ್ಞರನ್ನು ಕಾಣತಕ್ಕದ್ದು. ಓದುವ ಕನ್ನಡಕ ಧರಿಸಿ, ಒಂದೊಂದೇ ಕಣ್ಣನ್ನು ಮುಚ್ಚಿ ನೋಡಿಕೊಳ್ಳುವುದು. ಧೂಮಪಾನಿಗಳಲ್ಲಿ ಅಪಾಯ ಹೆಚ್ಚು. ಪರೀಕ್ಷೆಗೆ ಕಣ್ಣಿನ ಪಾಪೆ ಹಿಗ್ಗಿಸುವ ಹನಿ ಹಾಕುವ ಸಂಭವವಿರುವುದರಿಂದ ಜೊತೆಗೊಬ್ಬರು ಇರುವುದು ಒಳಿತು, ವಾಹನ ಚಲಾಯಿಸಬಾರದು. ಹಿಂದಿನ ಒಸಿಟಿ ಚಿತ್ರಗಳನ್ನು ತಪ್ಪದೆ ಒಯ್ಯುವುದು, ಏಕೆಂದರೆ ಹೋಲಿಕೆಯಿಂದಲೇ ಬದಲಾವಣೆ ತಿಳಿಯುತ್ತದೆ.

ಅಂಗವಿಕಲತೆಯ ಪ್ರಮಾಣಪತ್ರ ಕೋರುವ ಅರ್ಜಿದಾರರ ಗಮನಕ್ಕೆ: ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರಲ್ಲಿ ಅಂಧತ್ವ ಮತ್ತು ಮಂದದೃಷ್ಟಿಯನ್ನು, ಸಾಧ್ಯವಾದಷ್ಟು ಸರಿಪಡಿಸಿದ ನಂತರ ಉತ್ತಮ ಕಣ್ಣಿನಲ್ಲಿ ಉಳಿಯುವ ದೃಷ್ಟಿ ಅಥವಾ ದೃಷ್ಟಿಕ್ಷೇತ್ರದ ಮೇಲೆ ನಿರೂಪಿಸಲಾಗಿದೆ. ಒಸಿಟಿ ಚಿತ್ರವು ಕಾಯಿಲೆಗೆ ಪೂರಕ ದಾಖಲೆಯೇ ಹೊರತು ಈ ಅಳತೆಗೆ ಬದಲಿಯಲ್ಲ.