ಚೇಂಬರ್ಲೇನ್, ಜೋಶುವಾ ಲಾರೆನ್ಸ್

1828-1914. ಅಮೆರಿಕದ ಅಂತರ್ಯುದ್ಧದ ಸೇನಾನಿ, ಕಾಲೇಜು ಅಧ್ಯಾಪಕ, ಮೇನ್ ರಾಜ್ಯದ ಗವರ್ನರ್. ಯುದ್ಧಕ್ಕೆ ಈತ ಕೊಟ್ಟದ್ದು ಸುಮಾರು ಮೂರು ವರ್ಷ. ಅಲ್ಲಿ ಆದ ಗಾಯದೊಡನೆ ಬಾಳಿದ್ದು ಐವತ್ತು ವರ್ಷ, ಅದರಲ್ಲಿ ಬಹುಕಾಲ ಬ್ರನ್ಸ್‌ವಿಕ್ ಎಂಬ ಸಣ್ಣ ಊರಿನಲ್ಲಿ. ಗೆಟಿಸ್‌ಬರ್ಗ್ ಕದನದ ನಾಯಕನೆಂದೇ ಇಂದು ಹೆಸರಾಗಿದ್ದರೂ ಊರಿಗೆ ಮರಳಿದ ಮೇಲಿನ ಈತನ ಬದುಕು ಹೆಚ್ಚು ತೊಡಕಿನದು, ಹೆಚ್ಚು ಕುತೂಹಲದ್ದು.

ಹುಟ್ಟಿದ್ದು ಮೇನ್ ರಾಜ್ಯದ ಬ್ರೂಯರ್‌ನಲ್ಲಿ. ಬ್ರನ್ಸ್‌ವಿಕ್‌ನ ಬೌಡನ್ ಕಾಲೇಜಿನಲ್ಲಿ ಓದಿ 1852ರಲ್ಲಿ ಪದವಿ ಪಡೆದ. ಆಂಡ್ರೊಸ್ಕಾಗಿನ್ ನದಿಯ ದಡದ ಈ ಊರಿನಲ್ಲಿ ಆಗ ಸುಮಾರು 5,000 ಜನ. ಗಿರಣಿ, ಹಡಗು ಕಟ್ಟುವ ಕೆಲಸ ಮತ್ತು ಕಾಲೇಜೇ ಊರಿನ ಜೀವಾಳ. ಹ್ಯಾರಿಯೆಟ್ ಬೀಚರ್ ಸ್ಟೋವ್ 'ಅಂಕಲ್ ಟಾಮ್ಸ್ ಕ್ಯಾಬಿನ್' ಬರೆದದ್ದೂ ಇಲ್ಲೇ. ಆಕೆ ಬರೆದದ್ದನ್ನು ಮನೆಯಲ್ಲಿ ಓದಿ ಹೇಳುವಾಗ ಕೇಳಿದವರಲ್ಲಿ ವಿದ್ಯಾರ್ಥಿ ಚೇಂಬರ್ಲೇನ್ ಕೂಡ ಒಬ್ಬ. 1855ರಲ್ಲಿ ಊರ ಪಾದ್ರಿಯ ಸಾಕುಮಗಳು ಫ್ರಾನ್ಸಿಸ್ ಆಡಮ್ಸ್‌ಳನ್ನು ಮದುವೆಯಾಗಿ, ಓದಿದ ಕಾಲೇಜಿನಲ್ಲೇ ಅಧ್ಯಾಪಕನಾದ.

1862ರಲ್ಲಿ ಭಾಷೆಗಳನ್ನು ಕಲಿಯಲು ಯೂರೋಪಿಗೆ ಹೋಗಿಬರಲೆಂದು ಕಾಲೇಜು ಈತನಿಗೆ ರಜೆ ಕೊಟ್ಟಿತು. ಪಾಠ ಹೇಳುವ ಮೇಷ್ಟರು ದಂಡಿಗೆ ಸೇರುವುದು ಸಹೋದ್ಯೋಗಿಗಳಿಗೆ ಇಷ್ಟವಿರಲಿಲ್ಲ. ರಜೆ ಸಿಕ್ಕಿದ್ದೇ ಈತ ಹೋದದ್ದು 20ನೆಯ ಮೇನ್ ರೆಜಿಮೆಂಟಿಗೆ. 1863ರ ಜುಲೈ 2ರಂದು ಗೆಟಿಸ್‌ಬರ್ಗ್‌ನ ಲಿಟ್ಲ್ ರೌಂಡ್ ಟಾಪ್ ಗುಡ್ಡದ ಎಡತುದಿಯನ್ನು ಈತನ ಮುಂದಾಳುತನದಲ್ಲಿ ಇದೇ ರೆಜಿಮೆಂಟ್ ಕಾಯುತ್ತಿತ್ತು. ಮದ್ದುಗುಂಡು ಮುಗಿಯುತ್ತ ಬಂದಾಗ ಬಂದೂಕಿಗೆ ಬಯನೆಟ್ ಸಿಕ್ಕಿಸಿಕೊಂಡು ಇಳಿಜಾರಿನಲ್ಲಿ ನುಗ್ಗಿ ಅಲಬಾಮದ ಪಡೆಯನ್ನು ಹಿಮ್ಮೆಟ್ಟಿಸಿತು. ಇದಕ್ಕಾಗಿ ಈತನಿಗೆ 'ಮೆಡಲ್ ಆಫ್ ಆನರ್' ಪದಕ ಕೈಸೇರಿದ್ದು ಮೂವತ್ತು ವರ್ಷಗಳ ಅನಂತರ, 1893ರಲ್ಲಿ.

ಬದುಕನ್ನೇ ಬದಲಿಸಿದ ಗುಂಡು ತಗುಲಿದ್ದು 1864ರ ಜೂನ್ 18ರಂದು, ಪೀಟರ್ಸ್‌ಬರ್ಗ್‌ನಲ್ಲಿ. ಬಲಸೊಂಟದಿಂದ ಹೊಕ್ಕ ಗುಂಡು ಮೂತ್ರಕೋಶವನ್ನೂ ಮೂತ್ರನಾಳವನ್ನೂ ಸೀಳಿ ಎಡಸೊಂಟದವರೆಗೂ ಹೋಗಿತ್ತು. ಉಳಿಯುವುದಿಲ್ಲವೆಂದೇ ಎಲ್ಲರೂ ತಿಳಿದರು. ಉತ್ತರದ ಸೇನೆಗಳ ಮುಖ್ಯಸ್ಥ ಜನರಲ್ ಗ್ರಾಂಟ್ ಅಲ್ಲೇ ಬ್ರಿಗೇಡಿಯರ್ ಜನರಲ್ ಹುದ್ದೆಗೆ ಬಡ್ತಿ ಕೊಟ್ಟ. ಪತ್ರಿಕೆಗಳಲ್ಲಿ ಮರಣವಾರ್ತೆಯೂ ಬಂತು. ಈತ ಬದುಕಿದ, ಮತ್ತೆ ರಣರಂಗಕ್ಕೂ ಹೋದ. ಆದರೆ ಚಿಕಿತ್ಸೆಗೆಂದು ಇಟ್ಟ ಲೋಹದ ನಳಿಕೆಯಿಂದ ಮೂತ್ರನಾಳದಲ್ಲಿ ತೂತಾಗಿ ಅದು ಕೊನೆಗೂ ಮುಚ್ಚಲಿಲ್ಲ. ಸೋಂಕು, ಜ್ವರ, ನೋವು ಜೀವನಪರ್ಯಂತ ಕಾಡಿದವು. 1883ರಲ್ಲಿ ಬಾಸ್ಟನ್‌ನಲ್ಲಿ ಮಾಡಿಸಿಕೊಂಡ ಶಸ್ತ್ರಚಿಕಿತ್ಸೆಯಿಂದಲೂ ಪೂರ್ತಿ ಗುಣವಾಗಲಿಲ್ಲ. ಸಭೆಗಳಲ್ಲಿ ನೆಟ್ಟಗೆ ನಿಂತು ಭಾಷಣ ಮಾಡುತ್ತಿದ್ದ ಜನರಲ್ಲನ ಈ ಯಾತನೆ ಊರಿನವರಿಗೆ ಹೊರನೋಟಕ್ಕೆ ಕಾಣುವಂಥದಾಗಿರಲಿಲ್ಲ.

1865ರ ಏಪ್ರಿಲ್‌ನಲ್ಲಿ ಅಪೊಮ್ಯಾಟಕ್ಸ್‌ನಲ್ಲಿ ದಕ್ಷಿಣದ ಪದಾತಿದಳ ಶಸ್ತ್ರ ಒಪ್ಪಿಸಿದ ಸಮಾರಂಭ ಈತನ ಮುಂದಾಳುತನದಲ್ಲಿ ನಡೆಯಿತು. ಸೋತವರಿಗೆ ಗೌರವವಂದನೆ ಸಲ್ಲಿಸಿದ ಪ್ರಸಂಗವನ್ನು ಮುಪ್ಪಿನಲ್ಲಿ ಈತ ಸೊಗಸಾಗಿ ಬರೆದಿದ್ದಾನೆ. ವಿವರಗಳು ಕಾಲಕ್ರಮದಲ್ಲಿ ಬೆಳೆದಿರಬಹುದೆಂಬ ಸಂಶಯ ಇತಿಹಾಸಕಾರರಿಗಿದೆ. ಹಾಗೆ ಅನುಮಾನಿಸುವುದು ಸರಿಯೇ.

ಮರಳಿದ ಯೋಧನಿಗೆ ಮತದಾರರು ಉದಾರಿಗಳಾಗಿದ್ದರು. ಒಂದೊಂದು ವರ್ಷದ ಅವಧಿಗೆ ನಾಲ್ಕು ಬಾರಿ ಗವರ್ನರ್ ಆಗಿ ಚುನಾಯಿತನಾದ (1867-1871). ಮನೆಯೊಳಗಿನ ಸ್ಥಿತಿ ಬೇರೆ: 1868ರ ಹೊತ್ತಿಗೆ ಪತ್ನಿ ವಿಚ್ಛೇದನದ ಮಾತೆತ್ತಿದ್ದಳು. ಆದರೂ ದಾಂಪತ್ಯ ಮುರಿಯಲಿಲ್ಲ. 1905ರಲ್ಲಿ ಆಕೆ ತೀರಿಕೊಳ್ಳುವವರೆಗೂ ನಡೆಯಿತು. ಕೊನೆಯ ವರ್ಷಗಳಲ್ಲಿ ಆಕೆಗೆ ಕಣ್ಣು ಕಾಣುತ್ತಿರಲಿಲ್ಲ.

1871ರಲ್ಲಿ ಬೌಡನ್ ಕಾಲೇಜಿನ ಅಧ್ಯಕ್ಷನಾದ. ಅದೇ ವರ್ಷ ತನ್ನ ಮನೆಯನ್ನು ಇಡಿಯಾಗಿ ಮೇಲಕ್ಕೆತ್ತಿಸಿ, ಅದರ ಅಡಿಯಲ್ಲಿ ಹೊಸ ನೆಲ ಅಂತಸ್ತನ್ನು ಕಟ್ಟಿಸಿದ. ಕವಿ ಲಾಂಗ್‌ಫೆಲೋ ಹೊಸದಾಗಿ ಮದುವೆಯಾದಾಗ ಬಾಡಿಗೆಗಿದ್ದ ಮನೆ ಅದು. ಸೇನೆಯಲ್ಲಿ ತನ್ನ ದಳದ ಲಾಂಛನವಾಗಿದ್ದ ಮಾಲ್ಟೀಸ್ ಶಿಲುಬೆಯನ್ನು ಹೊಗೆಗೂಡಿನ ಮೇಲೆ ಮೂಡಿಸಿದ. ಕಾಲೇಜಿನಲ್ಲಿ ವಿಜ್ಞಾನ, ಎಂಜಿನಿಯರಿಂಗ್ ಪಾಠಗಳನ್ನು ತಂದದ್ದು ಕಾಲಕ್ಕೆ ತಕ್ಕ ಹೆಜ್ಜೆ. ಕಡ್ಡಾಯ ಕವಾಯತು ತಂದದ್ದು ಮಾತ್ರ ತಿರುಗುಬಾಣವಾಯಿತು. ಸಮವಸ್ತ್ರವನ್ನು ಸ್ವಂತ ದುಡ್ಡಿನಲ್ಲಿ ಕೊಳ್ಳಬೇಕಿದ್ದ ಹುಡುಗರು ಮೊದಲು ಮನವಿ ಕೊಟ್ಟರು. 1874ರ ಮೇ ತಿಂಗಳಲ್ಲಿ ಮೈದಾನಕ್ಕೆ ಬರುವುದಿಲ್ಲವೆಂದು ಸಾರಿಬಿಟ್ಟರು. ಮೂರು ತರಗತಿಗಳ ವಿದ್ಯಾರ್ಥಿಗಳನ್ನು ಮನೆಗೆ ಕಳಿಸಿ, ಹತ್ತು ದಿನಗಳಲ್ಲಿ ವಿಧೇಯತೆಗೆ ಒಪ್ಪಿ ಬರದಿದ್ದರೆ ಕಾಲೇಜಿನಿಂದ ಹೊರಹಾಕುವುದಾಗಿ ತಂದೆತಾಯಿಗಳಿಗೆ ಚೇಂಬರ್ಲೇನ್ ಪತ್ರ ಬರೆದ. ಬಹುತೇಕ ಎಲ್ಲರೂ ಬಂದರು. ಗೆದ್ದದ್ದು ಯಾರೆಂದರೆ, ಹುಡುಗರೇ ಎನ್ನಬೇಕು: ಕವಾಯತು ಐಚ್ಛಿಕವಾಗಿ, ಕೆಲವೇ ವರ್ಷಗಳಲ್ಲಿ ನಿಂತೇಹೋಯಿತು. ಅಂತರ್ಯುದ್ಧ ಮುಗಿದಾಗ ಇನ್ನೂ ಮಕ್ಕಳಾಗಿದ್ದ ಆ ಪೀಳಿಗೆಗೆ ದಂಡಿನ ಶಿಸ್ತು ಬೇಕಿರಲಿಲ್ಲ.

1880ರ ಜನವರಿಯಲ್ಲಿ ಚುನಾವಣಾ ವಿವಾದದಿಂದ ರಾಜಧಾನಿ ಆಗಸ್ಟಾದಲ್ಲಿ ಸಶಸ್ತ್ರ ಗುಂಪುಗಳು ಎದುರಾದಾಗ, ರಾಜ್ಯ ಮಿಲಿಷಿಯಾದ ಮುಖ್ಯಸ್ಥನಾಗಿ ರಕ್ತಪಾತವಿಲ್ಲದೆ ಶಾಂತಿ ಕಾಪಾಡಿದ. ಬಯನೆಟ್ ದಾಳಿಗಿಂತ ಇದನ್ನೇ ದೊಡ್ಡ ಸಾಧನೆ ಎನ್ನಬಹುದು. ಎರಡೂ ಪಕ್ಷಗಳಿಗೆ ಬೇಡವಾದದ್ದು ಅದಕ್ಕೆ ತೆತ್ತ ಬೆಲೆ. 1883ರಲ್ಲಿ ಅನಾರೋಗ್ಯದಿಂದ ಕಾಲೇಜು ಬಿಟ್ಟ. ಅನಂತರ ಕೈಹಾಕಿದ ವ್ಯಾಪಾರಗಳು ಕೈಹಿಡಿಯಲಿಲ್ಲ. 1900ರಲ್ಲಿ ಪೋರ್ಟ್‌ಲ್ಯಾಂಡ್ ಬಂದರಿನ ಸರ್ವೇಯರ್ ಹುದ್ದೆ ಸಿಕ್ಕಿತು.

1914ರ ಫೆಬ್ರವರಿ 24ರಂದು ಪೋರ್ಟ್‌ಲ್ಯಾಂಡ್‌ನಲ್ಲಿ ಹಳೆಯ ಗಾಯದ ಸೋಂಕಿನಿಂದಲೇ ತೀರಿಕೊಂಡ. ಸಮಾಧಿ ಬ್ರನ್ಸ್‌ವಿಕ್‌ನ ಪೈನ್ ಗ್ರೋವ್ ಸ್ಮಶಾನದಲ್ಲಿದೆ. ಯುದ್ಧಸ್ಮೃತಿ 'ದಿ ಪಾಸಿಂಗ್ ಆಫ್ ದಿ ಆರ್ಮೀಸ್' 1915ರಲ್ಲಿ ಪ್ರಕಟವಾಯಿತು. ಮುಂದೆ ಬ್ರನ್ಸ್‌ವಿಕ್‌ನ ಈತನ ಮನೆ ಬಾಡಿಗೆ ಕೋಣೆಗಳಾಗಿ ಹರಿದುಹಂಚಿಹೋಯಿತು. ಮೈಕೆಲ್ ಶಾರಾ ಬರೆದ 'ದಿ ಕಿಲ್ಲರ್ ಏಂಜೆಲ್ಸ್' (1974) ಕಾದಂಬರಿಯಿಂದ ಈತನ ಹೆಸರು ಮತ್ತೆ ಮೇಲೆದ್ದಿತು. 1983ರಲ್ಲಿ ಸ್ಥಳೀಯ ಇತಿಹಾಸ ಸಂಘ ಮನೆಯನ್ನು ಕೊಂಡು ವಸ್ತುಸಂಗ್ರಹಾಲಯ ಮಾಡಿತು.